ಕರ್ಪೂರ ಹಚ್ಚದ ಮನೆ

ಆಡುಸೋಗೆಯ ಎಲೆಯನ್ನು ಹೊಸಕಿದಾಗ ಬರುವ ಹಸಿ ಕಹಿ ವಾಸನೆ ನಿಮಗೂ ಗೊತ್ತಿರಬಹುದು. ಮೊನ್ನೆ ಚನ್ನರಾಯಪಟ್ಟಣದ ದಾರಿಯಲ್ಲಿ ಯಾರೋ ಬೇಲಿ ಸವರುತ್ತಿದ್ದರು. ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ನಾನು ಕಿಟಕಿ ಮುಚ್ಚಿಬಿಟ್ಟೆ. ನನಗದು ತಂಗಿ ಶೈಲಳ ಉಬ್ಬಸದ ವಾಸನೆ.

ಹೊಳೆನರಸೀಪುರದಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಹಿತ್ತಲಿಗೆ ಆಡುಸೋಗೆಯದೇ ಬೇಲಿ. ಆಡು ಅದಕ್ಕೆ ಬಾಯಿ ಹಾಕುವುದಿಲ್ಲ. ಮೇಷ್ಟರಾಗಿದ್ದ ದೊಡ್ಡಪ್ಪ ಪುಸ್ತಕ ಓದಿ ಹೋಮಿಯೋಪತಿ ಕಲಿತಿದ್ದರು. ಶೈಲಳಿಗೆಂದು ಅದೇ ಗಿಡದಿಂದ ಮಾಡಿದ ಜಸ್ಟೀಷಿಯಾ ಎಂಬ ಔಷಧಿಯನ್ನು ಹಾಸನದಿಂದ ತರುತ್ತಿದ್ದರು. "ಹಿತ್ತಲಲ್ಲಿ ಬಿಟ್ಟಿ ಬೆಳೆಯೋದನ್ನ ಬಸ್ ಚಾರ್ಜ್ ಕೊಟ್ಟು ತರ್ತಾನೆ ನಮ್ಮ ಡಾಕ್ಟ್ರು" ಎಂದು ಅಜ್ಜಿ ನಗುತ್ತಿದ್ದರು. ನಕ್ಕರೂ ಆ ಸಕ್ಕರೆ ಗುಳಿಗೆಯ ಪಥ್ಯಕ್ಕೆ ಅವರಷ್ಟು ಹೆದರುತ್ತಿದ್ದವರು ಬೇರೆ ಇರಲಿಲ್ಲ. ಗುಳಿಗೆಯನ್ನು ಕೈಯಲ್ಲಿ ಮುಟ್ಟಬಾರದು, ಕಾಫಿ ಕೂಡದು, ಇಂಗು ಕೂಡದು. ಕರ್ಪೂರವಂತೂ ಮನೆಯಲ್ಲೇ ಕೂಡದು, ಅದರ ಘಾಟು ತಗುಲಿದರೆ ಔಷಧಿ ಸತ್ತುಹೋಗುತ್ತದೆ ಎಂದು ದೊಡ್ಡಪ್ಪ ಹೇಳಿಬಿಟ್ಟಿದ್ದರು. ಅರ್ಚಕರ ಮಗಳಾದ ಅಜ್ಜಿ ತುಪ್ಪದ ಬತ್ತಿಯಲ್ಲೇ ಮಂಗಳಾರತಿ ಮಾಡತೊಡಗಿದರು. ದೇವರು ಏನೆಂದುಕೊಂಡಾನೋ ಎಂಬ ಭಯ ಒಂದು ಕಡೆ, ಮೊಮ್ಮಗಳ ಉಸಿರಿನ ಭಯ ಇನ್ನೊಂದು ಕಡೆ. "ದೇವ್ರಿಗೂ ನನ್ನ ಪಥ್ಯಾನೇ ಅಲ್ವಾ ಅಜ್ಜಿ?" ಎಂದು ಶೈಲ ಕಿಸಕ್ಕೆಂದರೆ, "ಸುಮ್ನಿರೇ, ಕೇಳಿಸ್ಕೊಂಡಾನು" ಎಂದು ಗದರುತ್ತಿದ್ದರು.

ಒಂದು ಗೌರಿ ಹಬ್ಬದ ಬೆಳಿಗ್ಗೆ ಬಾಗಿನಕ್ಕೆ ಬಂದ ಹೆಂಗಸರ ಗದ್ದಲದಲ್ಲಿ ಅಜ್ಜಿಯ ಕೈ ಹಳೆಯ ರೂಢಿಯಂತೆ ಕರ್ಪೂರ ಹಚ್ಚಿಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಶೈಲ ಕಂಬಕ್ಕೆ ಕೈಯೂರಿ ಬಾಗಿ ಕುಳಿತಿದ್ದಳು. ಪ್ರತಿ ಉಸಿರಿಗೂ ಕತ್ತಿನ ಬುಡದ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ದೊಡ್ಡಪ್ಪ ಗುಳಿಗೆ ಹಾಕಿದರು, ಕಾದರು, ಮತ್ತೆ ಹಾಕಿದರು. "ಯಾರು ಕರ್ಪೂರ ಹಚ್ಚಿದ್ದು?" ಎಂದರು. "ನಾನೇ ಕಣೋ" ಎಂದರು ಅಜ್ಜಿ. ಘಾಟು ಹೋಗಲೆಂದು ಇಬ್ಬರೂ ದೇವರಮನೆ ತೊಳೆಯಲು ನಿಂತರು. ಒಬ್ಬರು ಕೊಡದಿಂದ ನೀರು ಸುರಿಯುವುದು, ಇನ್ನೊಬ್ಬರು ಗೋಡೆ ಉಜ್ಜುವುದು. ಅಮ್ಮ ಚೀರಿದ್ದು ಆಗಲೇ: "ದೇವರಮನೆ ಆಮೇಲೆ ತೊಳೀರಿ, ಮಗು ಉಗುರು ನೋಡಿ!" ಉಗುರು ನೀಲಿಯಾಗಿತ್ತು. ಅಮ್ಮ ಅವಳನ್ನೆತ್ತಿಕೊಂಡು ಬೀದಿಗೆ ಓಡಿದಳು, ಹಿಂದೆ ನಾನು. ಮೂಲೆಯಲ್ಲಿದ್ದ ವ್ಯಾನಿನವನು, "ಎದ್ರುಕೋಬ್ಯಾಡಿ ಕಣವ್ವಾ, ಈಗ ಆಸನ ಸೇರುಸ್ಬುಡ್ತೀನಿ" ಎಂದು ಗಾಡಿ ತಿರುಗಿಸಿದ. ಹಾಸನದ ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಸಂಜೆಗೆ ಅವಳ ತುಟಿಗೆ ಬಣ್ಣ ಬಂತು.

ಆಮೇಲೆ ಹಾಸನದ ಡಾಕ್ಟರ ಔಷಧಿಯೇ ನಡೆಯಿತು. ಗುಳಿಗೆ ನಿಂತಿತು, ಅದರ ಮಾತೂ ನಿಂತಿತು. ಆದರೂ ಅಜ್ಜಿ ಕರ್ಪೂರ ಹಚ್ಚಲಿಲ್ಲ. "ಈಗ ಹಚ್ಚಬಹುದಲ್ಲಮ್ಮ" ಎಂದು ದೊಡ್ಡಪ್ಪನೇ ಒಮ್ಮೆ ತಲೆ ತಗ್ಗಿಸಿ ಹೇಳಿದರು. "ಬೇಡಪ್ಪ. ಅವಳು ಉಸಿರಾಡ್ತಿದಾಳಲ್ಲ, ದೇವ್ರು ಒಪ್ಕೊಂಡಿದಾನೆ ಬಿಡು" ಎಂದರು ಅಜ್ಜಿ.

ಅವರಿಬ್ಬರೂ ಹೋಗಿ ಎಷ್ಟೋ ವರ್ಷವಾಯಿತು. ಮನೆಯಿದ್ದ ಜಾಗದಲ್ಲಿ ಈಗ ಅಂಗಡಿ ಮಳಿಗೆಗಳಿವೆ. ಆ ಮನೆಯಲ್ಲಿ ಯಾರು ಏನೇ ಮಾಡುತ್ತಿದ್ದರೂ ಒಂದು ಕಿವಿ ಶೈಲಳ ಉಸಿರಿನ ಮೇಲೆ ಇರುತ್ತಿತ್ತು. ಹೋದ ಮಾಘದಲ್ಲಿ, ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕುಳಿತು ನಾನು ಹಾಗೆಯೇ ಆಲಿಸುತ್ತಿದ್ದೆ. ನರ್ಸ್ ಬಂದು ಅವಳ ಮುಖಕ್ಕೆ ಹೊದಿಕೆ ಎಳೆದು ನನ್ನ ಹೆಗಲು ಮುಟ್ಟಿದ ಮೇಲೂ ಆಲಿಸುತ್ತಲೇ ಇದ್ದೆ.