ಹುಳದ ಗಿಡದ ದಿಯೊಲಿಂದಾ

ಇತಪೆಕುರು ನದಿಯ ದಂಡೆಯ ಆ ಊರಿನಲ್ಲಿ ಹುಳುವಾಗಿ ಮಕ್ಕಳ ಹೊಟ್ಟೆ ಉಬ್ಬಿದರೆ ತಾಯಂದಿರು ವಿಧವೆ ದಿಯೊಲಿಂದಾಳ ಬಾಗಿಲಿಗೆ ಬರುತ್ತಿದ್ದರು. ಮರಗೆಣಸಿನ ಹೊಲದ ಬದಿಯಲ್ಲಿ ತಾನಾಗಿ ಏಳುವ ಹುಳದ ಗಿಡದ ಹದ ಬಲ್ಲವಳು ಅವಳೊಬ್ಬಳೇ. ಮೊಣಕಾಲೆತ್ತರದ ಗಿಡ, ತುದಿಯಲ್ಲಿ ನಾಲ್ಕೆಲೆ, ನಡುವೆ ನಸುಗೆಂಪು ಹೂವು. ಅಳತೆ ಮೀರಿದರೆ ಅದು ಹುಳುವಿನ ಜೊತೆಗೆ ಮಗುವನ್ನೂ ಕೊಲ್ಲುತ್ತದೆ. ಮೂವತ್ತು ವರ್ಷ ಅವಳ ಕೈ ತಪ್ಪಿರಲಿಲ್ಲ.

ಪಕ್ಕದ ಮನೆಯ ಎರ್ಸೀಲಿಯಾ ಬಸುರಿ. ನಾಲ್ಕು ವರ್ಷದ ಮಗಳು ಜೊವೀನಾಳಿಗೆಂದು ಔಷಧಿ ಕೇಳಿದಳು. ದಿಯೊಲಿಂದಾಳಿಗೆ ಅಂದು ಸೊಂಟ ಹಿಡಿದಿತ್ತು. ಕುದಿಸಿ ಕೊಡುವ ಬದಲು ಬೇರಿನ ಕಟ್ಟನ್ನೇ ಕೊಟ್ಟಳು.

"ಎರಡೇ ಬೇರು ಕಣೇ. ಒಂದೇ ಸಲ. ಹುಳ ಬೀಳ್ಲಿಲ್ಲ ಅಂದ್ರೆ ನನ್ನ ಕರಿ."

"ಆಯ್ತು ದೊಡ್ಡಮ್ಮ."

ಮರುದಿನ ಮಧ್ಯಾಹ್ನ ಕೂಗು ಕೇಳಿ ಓಡಿದಾಗ ಮಗುವಿನ ಕೈಕಾಲು ಸೆಟೆದಿದ್ದವು, ಕಣ್ಣ ಪಾಪೆ ಅಗಲವಾಗಿ ನಿಂತಿತ್ತು. ಹೊತ್ತು ಇಳಿಯುವ ಮೊದಲೇ ಜೊವೀನಾ ಹೋದಳು. ಒಲೆಯ ಮೇಲಿನ ಗಡಿಗೆಯಲ್ಲಿ ಇಡೀ ಕಟ್ಟು ಬೆಂದಿತ್ತು. ಯಾರೂ ಕಾಣುವ ಮುಂಚೆ ದಿಯೊಲಿಂದಾ ಅದನ್ನು ಬೇಲಿಯಾಚೆ ಸುರಿದುಬಿಟ್ಟಳು.

"ಕೊಂದ್ಯಲ್ಲೇ ಮುದುಕಿ!" ಎಂದು ಮಗುವಿನ ಅಪ್ಪ ಅವಳ ಮುಖಕ್ಕೆ ಉಗಿದ. ಅವಳು ಹಳೆಯ ಅಂಗಿಯ ತೋಳಿನಿಂದ ಒರೆಸಿಕೊಂಡಳೇ ಹೊರತು ಬಾಯಿ ಬಿಡಲಿಲ್ಲ.

ಅಂದಿನಿಂದ ಊರು ಅವಳನ್ನು ದೂರವಿಟ್ಟಿತು. ಎಣ್ಣೆಬೀಜಕ್ಕಾಗಿ ಬಬಸು ತಾಳೆಯ ಗಟ್ಟಿ ಕಾಯಿ ಒಡೆಯಲು ಹೆಂಗಸರು ಗುಂಪಾಗಿ ಕೂತರೆ ಇವಳು ಬೇರೆ ಮರದ ಕೆಳಗೆ ಒಬ್ಬಳೇ ಕೂರುತ್ತಿದ್ದಳು. ಆರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಎರ್ಸೀಲಿಯಾ ಅಲ್ಲಿಗೆ ಬಂದು ಕುಕ್ಕರಿಸಿದಳು.

"ಹುಳ ಬೀಳ್ಲಿಲ್ಲ ಅಂತ ಉಳಿದ ಬೇರನ್ನೆಲ್ಲ ಕುದಿಸಿ ನಾನೇ ಕುಡಿಸ್ದೆ ದೊಡ್ಡಮ್ಮ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ಯಾ?"

"ನಿನ್ನ ಗಂಡ ಬಿಡ್ತಿದ್ನಾ ನಿನ್ನ? ಹೊಟ್ಟೇಲಿ ಇನ್ನೊಂದಿತ್ತು." ದಿಯೊಲಿಂದಾ ಕಾಲಡಿ ಒತ್ತಿಹಿಡಿದ ಕೊಡಲಿಯ ಬಾಯಿಗೆ ಮತ್ತೊಂದು ಕಾಯಿ ಇಟ್ಟಳು. "ಕಟ್ಟು ಪೂರ್ತಿ ಕೊಟ್ಟವಳು ನಾನೇ ಅಲ್ವಾ."

"ಎಲ್ಲರಿಗೂ ಹೇಳ್ಬಿಡ್ತೀನಿ."

"ಹೇಳು, ಧೈರ್ಯ ಇದ್ರೆ."

ಧೈರ್ಯ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ದಿಯೊಲಿಂದಾ ಜ್ವರ ಬಂದು ಸತ್ತಳು. ಹೆಣ ತೊಳೆಯಲು ಊರಲ್ಲಿ ಒಬ್ಬರೂ ಏಳಲಿಲ್ಲ, ಎರ್ಸೀಲಿಯಾ ಒಬ್ಬಳೇ ಹೋದಳು.

"ಮಗಳನ್ನ ಕೊಂದವಳಿಗೂ ನೀರು ಹಾಕ್ತಾಳಲ್ಲ, ಎಂಥಾ ದೊಡ್ಡ ಮನಸ್ಸು!" ಎಂದರು ಬಾಗಿಲಲ್ಲಿ ನಿಂತ ಹೆಂಗಸರು.

ಎರ್ಸೀಲಿಯಾ ತಲೆಯೆತ್ತದೆ ಆ ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು.