ಗಾಳಿ ಬಿಡದ ಪುಟ್ಟತ್ತೆ

ಪುಟ್ಟತ್ತೆ ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತಿದ್ದಳು, ಆಮೇಲೆ ಮನುಷ್ಯರನ್ನು. ಬೆರಳು ತೂರುವಷ್ಟು ಸಂದಿ ಕಂಡರೂ ಸಾಕು, ಸೊಂಟದಿಂದ ಹಳೇ ಸೀರೆಯ ಚೂರು ತೆಗೆದು ತುರುಕಿಯೇ ಕೂರುವುದು. ಅಪ್ಪನ ಅಕ್ಕ ಅವಳು. ಬಣಕಲ್ ಸುತ್ತಿನ ಎಸ್ಟೇಟುಗಳಲ್ಲಿ ಬಾಣಂತನವೆಂದರೆ ಅವಳೇ ಬರಬೇಕು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅವಳು ನೀರೆರೆಯುತ್ತಿದ್ದ ನಾಜೂಕು ನೆನೆದರೆ ನನ್ನ ಸಿಟ್ಟು ಈಗಲೂ ಅರ್ಧ ಇಳಿದುಬಿಡುತ್ತದೆ.

ಅಪ್ಪ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರು. ಒಂದು ವರ್ಷ ಎಸ್ಟೇಟಿನ ಇಂಗ್ಲಿಷ್ ದೊರೆ, ಆಳುಗಳ ಲೈನುಮನೆಗಳಿಗೆಲ್ಲ ವೆಂಟಿಲೇಶನ್ ಆಗಬೇಕೆಂದು ಹುಕುಂ ಮಾಡಿ ಬಾಗಿಲುಗಳ ಮೇಲೆ ಕಿಂಡಿ ಕೊರೆಸಿದ. ಆ ಪದಕ್ಕೆ ಕನ್ನಡ ಹುಡುಕಿ ತಡಕಾಡಿದ ಅಪ್ಪ, "ಮನೆಯೊಳಗೆ ಗಾಳಿ ಬರ್ಬೇಕಂತೆ" ಎಂದು ಜನರಿಗೆ ಹೇಳಿಬಿಟ್ಟರು. ಕೆಟ್ಟಿತಲ್ಲ ಕೆಲಸ! ನಮ್ಮ ಕಡೆ ಬೀಸುವುದೊಂದೇ ಗಾಳಿಯಲ್ಲ, ಮೈಗೆ ಸೋಕುವ ಪೀಡೆಯೂ ಗಾಳಿಯೇ.

"ಥೂ! ಗಾಳೀನ ಯಾರಾದ್ರೂ ಕರೆದು ಒಳಗೆ ಬಿಟ್ಕೊಳ್ತಾರೇನೋ ಮಾರಾಯ?" ಎಂದು ಪುಟ್ಟತ್ತೆ ತಮ್ಮನನ್ನೇ ಝಾಡಿಸಿದಳು. "ದೊರೆ ಹೆಂಡ್ತಿ ಮಕ್ಳು ಸೀಮೇಲಿದಾರೆ, ಅವ್ನಿಗೇನು!" ಸಂಜೆಯೊಳಗೆ ಕಿಂಡಿಗಳಿಗೆಲ್ಲ ಗೋಣಿಚೀಲ ಬಿದ್ದಿತ್ತು.

ಆ ಮಳೆಗಾಲ ನನ್ನ ಅಕ್ಕ ಹೆರಿಗೆಗೆ ಬಂದಳು. ಕೂಸು ಹುಟ್ಟಿದ ಮೇಲೆ ಅತ್ತೆ, ಬಾಣಂತಿಯ ಮಂಚದ ಕೆಳಗೆ ಇದ್ದಿಲ ಕೆಂಡ ಇಟ್ಟು, ಕೋಣೆಯ ಸಂದಿಗೊಂದಿಗಳನ್ನೆಲ್ಲ ಮುಚ್ಚಿದಳು.

"ತಲೆ ಸುತ್ತುತ್ತೆ ಅತ್ತೆ, ಒಂಚೂರು ಬಾಗ್ಲು ತೆಗಿ" ಅಂದಳು ಅಕ್ಕ.

"ಹೆತ್ತೋರಿಗೆ ತಲೆ ಸುತ್ತೋದೇ. ಸುಮ್ನೆ ಮಲ್ಗು." ಅತ್ತೆ ಮಗುವನ್ನೆತ್ತಿಕೊಂಡು, ಬಾಗಿಲೆಳೆದು, ಬಚ್ಚಲಿಗೆ ಹೋದಳು. ನೀರೆರೆದು ಬರುವಷ್ಟರಲ್ಲಿ ಅಕ್ಕನ ಉಸಿರು ನಿಂತಿತ್ತು.

ಕೆಂಡದ ವಿಷ ಹೊರಹೋಗಲು ದಾರಿಯಿರಲಿಲ್ಲ ಎಂದರು ಮೂಡಿಗೆರೆಯ ಡಾಕ್ಟರು. ಅತ್ತೆ ಎದೆ ಬಡಿದುಕೊಂಡು ಅತ್ತಳು. ಅಳುತ್ತಲೇ ಸೂರಿನ ಕಡೆ ಕೈ ತೋರಿಸಿ, "ಅಲ್ಲೊಂದು ಸಂದಿ ಕಣ್ತಪ್ಪಿತ್ತು. ಅಲ್ಲಿಂದ್ಲೇ ಬಂತು ಗಾಳಿ" ಅಂದಳು. ಮುಂದೆ ಅವಳು ಬಾಣಂತನಕ್ಕೆ ಹೋದಲ್ಲೆಲ್ಲ ಹೆಂಚಿನ ಸಂದಿಗೂ ಸಗಣಿ ಮೆತ್ತಿಸುತ್ತಿದ್ದಳಂತೆ.

ಕೆಲವು ವರ್ಷಗಳ ನಂತರ ನನ್ನ ಹೆಂಡತಿ ಹೆತ್ತಾಗ ಅತ್ತೆ ಕರೆಯದೆಯೇ ಬಂದಳು. ನಾನು ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. ನನ್ನನ್ನು ಸಾಕಿ ಬೆಳೆಸಿದ ಕೈ ಅವಳದು.

"ಬೇಡ ಅತ್ತೆ. ನೀನು ಒಳಗೆ ಬರೋದು ಬೇಡ."

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. "ಆಯ್ತು ಮಾರಾಯ. ಕೊಟ್ಟಿಗೆಹಾರದಲ್ಲಿ ಮೇಸ್ತ್ರಿ ಮಗಳು ಹೆತ್ತಿದಾಳೆ, ಗಾಡಿ ಕಳ್ಸಿದಾರೆ. ಚೊಚ್ಚಲು, ಪಾಪ. ಅಲ್ಲಿಗೇ ಹೋಗ್ತೀನಿ."

ಅವಳನ್ನು ನಾನು ಕಂಡದ್ದು ಅದೇ ಕೊನೆ. ಗಾಡಿ ಹೊರಟಿತು. ಹಿಂದೆಯೇ ಓಡುತ್ತ, "ಕೆಂಡ ಇಡ್ಬೇಡ ಅತ್ತೆ, ನಿನ್ನ ದಮ್ಮಯ್ಯ!" ಎಂದು ಕೂಗಿದೆ. ಅವಳು ಹೊರಗೆ ಕತ್ತು ಹಾಕಿ ಗದರಿದಳು:

"ಆ ಹುಡುಗೀನ ಚಳೀಲಿ ಸಾಯ್ಸು ಅಂತೀಯೇನೋ?"