ಹವಳಕ್ಕೆ ಇಟ್ಟ ಎಡೆ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ನಂಬಿದವಳಲ್ಲ. ಯಾರಾದರೂ ಹೇಳಿದರೆ ನಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ, ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನನ್ನ ಕೆಲಸ ಹವಳದ ಜೊತೆ. ಹವಳದ ಜೀವಿಗಳು ಕಡಲಿನಡಿ ಕಟ್ಟುವ ಅಸ್ಥಿಪಂಜರಕ್ಕೆ ವರ್ಷವರ್ಷವೂ ಹೊಸ ಪದರ ಕೂಡುತ್ತದೆ. ಪದರ ಕೆರೆದು ಇಂಗಾಲ ಅಳೆದರೆ, ನಾವು ಬಿಟ್ಟ ಹೊಗೆಯನ್ನು ಕಡಲು ಆ ವರ್ಷ ಎಷ್ಟು ಕುಡಿದಿತ್ತೆಂಬ ಅಂದಾಜು ಸಿಗುತ್ತದೆ. ಲಕ್ಷದ್ವೀಪದ ಅಂಥದೊಂದು ತುಂಡು, ಲ್ಯಾಬಿಗೆ ರಜೆಯೆಂದು, ಗೋವಿಂದರಾಜನಗರದ ನಮ್ಮ ಮನೆಯಲ್ಲಿ ಉಳಿದಿತ್ತು. ಅದನ್ನು ತೆಗೆದ ಹವಳದ ದಿಬ್ಬ ಆಮೇಲೆ ನೀರಿನ ಬಿಸಿಗೆ ಸತ್ತೇಹೋಗಿತ್ತು; ಇನ್ನೊಂದು ಸಿಗುವಂತಿರಲಿಲ್ಲ. ಏನಿದು ಎಂದು ಅತ್ತೆ ಕೇಳಿದಾಗ, ಕಡಲ ಜೀವಿಯ ಮೂಳೆ ಎಂದುಬಿಟ್ಟಿದ್ದೆ.

ಅಂದು ಮಹಾಲಯ ಅಮಾವಾಸ್ಯೆ. ಸಂಜೆ ಅಂಗಡಿಯಿಂದ ಬಂದರೆ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಹಾಲ್‌ನಲ್ಲಿ ತೀರಿಕೊಂಡ ಮಾವನವರ ಫೋಟೋ ಮುಂದೆ ಎಡೆ ಇಟ್ಟು ಬಾಗಿಲು ಮುಚ್ಚಿದ್ದರು. ಹಿರಿಯರು ಉಣ್ಣುವಾಗ ಯಾರೂ ಒಳಗಿರಬಾರದೆಂಬುದು ನಮ್ಮಲ್ಲಿ ರೂಢಿ.

"ನಿನ್ನ ಆ ಮೂಳೆಗೂ ಒಂದ್ ಎಲೆ ಹಾಕಿದೀನಿ ಕಣಮ್ಮಾ. ಪಾಪ, ಅದಕ್ಕೆ ಎಡೆ ಇಡೋಕೆ ಯಾರಿದಾರೆ?"

ಒಳಗೆ ಎಣ್ಣೆ ದೀಪ, ಸಾಂಬ್ರಾಣಿ ಹೊಗೆ. ಇಂಗಾಲ ಅಳೆಯಬೇಕಾದ ತುಂಡಿಗೆ ಮಸಿ ಇಳಿದರೆ ಅಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಚಿಲಕಕ್ಕೆ ಕೈ ಹಾಕಿದೆ. ಅತ್ತೆ ಹಿಡಿದುಕೊಂಡರು.

"ಉಣ್ತಾ ಇರೋರನ್ನ ಎಬ್ಬಿಸ್ತಾರೇನಮ್ಮಾ?"

ಸಿಟ್ಟು ನುಂಗಿಕೊಂಡು ಕೂತೆ. ಕೊನೆಗೆ ಅವರೇ, ಒಳಗಿದ್ದವರಿಗೆ ಕೇಳಲೆಂದು ಕೆಮ್ಮಿ, ಬಾಗಿಲು ತೆಗೆದರು. ಓಡಿಹೋಗಿ ನೋಡಿದೆ. ಮಸಿ ಮೇಲೆಮೇಲೆ ಕೂತಿತ್ತಷ್ಟೇ, ಉಜ್ಜಿದರೆ ಹೋಗುವಂಥದು. ಹೋದ ಜೀವ ಬಂದಂತಾಗಿ, ಹವಳದ ಎಲೆಯ ಆಚೆಗಿದ್ದ ಲೋಟ ಎತ್ತಿ ನೀರು ಕುಡಿದೆ.

ಉಪ್ಪು. ಕಡಲಿನಷ್ಟೇ ಉಪ್ಪು.

ಮಾವನವರ ಲೋಟದ್ದನ್ನೂ ಕುಡಿದು ನೋಡಿದೆ. ಅದು ನಮ್ಮ ಕಾವೇರಿ ನೀರೇ, ಸಪ್ಪೆ. ಎರಡನ್ನೂ ಒಂದೇ ಕೊಡದಿಂದ ತುಂಬಿದ್ದೆ ಎಂದರು ಅತ್ತೆ. ಹವಳವನ್ನು ಲ್ಯಾಬಿನಲ್ಲಿ ಎಷ್ಟೋ ಸಲ ತೊಳೆದಿದ್ದೆವು, ಅದು ಲೋಟಕ್ಕೆ ತಾಗಿಯೂ ಇರಲಿಲ್ಲ.

ಉಳಿದ ನೀರನ್ನು ಅತ್ತೆ ಬಾಯಿಗೆ ಹಾಕಿಕೊಂಡರು. ಲೋಟವನ್ನು ಮೆಲ್ಲನೆ ಹವಳದ ಪಕ್ಕಕ್ಕೇ ಇಟ್ಟರು.

"ಉಂಡಿಲ್ಲ ಕಣಮ್ಮಾ. ಅತ್ತಿದೆ."

ಲ್ಯಾಬಿನಲ್ಲಿ ದಿನವೂ ಶೀಶೆಗಳಲ್ಲಿ ನೀರು ಹಿಡಿದಿಡುವ ನಾನು, ಆ ಲೋಟದ ನೀರನ್ನು ಮಾತ್ರ ಹಿಡಿದಿಡಲಿಲ್ಲ. ಹವಳದ ಅಳತೆಗಳು ಆಮೇಲೆ ಸರಿಯಾಗಿಯೇ ಬಂದವು, ಲೇಖನ ಅಚ್ಚೂ ಆಯಿತು. ಈಗ ಪ್ರತಿ ಮಹಾಲಯ ಅಮಾವಾಸ್ಯೆಗೂ ಹವಳಕ್ಕೆಂದು ಒಂದು ಎಲೆ ಹೆಚ್ಚು ಹಾಕುವವಳು ನಾನೇ. ಬಾಗಿಲು ತೆಗೆದೊಡನೆ ಆ ಲೋಟದ ರುಚಿ ನೋಡುತ್ತೇನೆ. ಇದುವರೆಗೂ ಸಪ್ಪೆಯೇ. ಆಗ ನನಗಾಗುವುದು ಸಮಾಧಾನವೋ ನಿರಾಸೆಯೋ, ನನಗೇ ತಿಳಿಯದು.